ಆದಿತ್ಯವಾರದ ಮಕ್ಕಳ ತರಗತಿ ಮನೆಯಲ್ಲೇ ಬೇಯಬೇಕು: ಸೋಮವಾರದಿಂದ ಆದಿತ್ಯವಾರದವರೆಗಿನ ತಯಾರಿ

ಸಂಡೇ ಸ್ಕೂಲ್ ಟೀಚರ್‌ಗಳಲ್ಲಿ ಹೆಚ್ಚಿನವರು ಸ್ವತಃ ಮಕ್ಕಳೊಂದಿಗರು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಸಣ್ಣ ಕ್ರೈಸ್ತ ಸಭೆಗಳಲ್ಲಿ ಹದಿನೈದಿಪ್ಪತ್ತು ಮಕ್ಕಳಿಗೆ ಇಬ್ಬರು ಟೀಚರ್ ಇದ್ದರೆ ಅದೇ ಪುಣ್ಯ, ಆ ಮಕ್ಕಳಲ್ಲೂ ಇಬ್ಬರು ಮೂವರು ಟೀಚರ್ ಮನೆಯವರೇ. ಎಡವುವುದು ಮಾತ್ರ ಎಲ್ಲರೂ ಒಂದೇ ಕಲ್ಲಿಗೆ. ಶನಿವಾರ ರಾತ್ರಿ ಹತ್ತೂವರೆಗೆ ಪಾಠದ ಪುಸ್ತಕ ತೆರೆಯುತ್ತಾರೆ, ಬೆಳಿಗ್ಗೆ ಸ್ವಂತ ಮಕ್ಕಳ ಮೇಲೆ ರೇಗಿಕೊಂಡು ಹೊರಡುತ್ತಾರೆ, ಇಪ್ಪತ್ತನೇ ನಿಮಿಷಕ್ಕೆ ತರಗತಿ ಕೈತಪ್ಪುತ್ತದೆ. ಇವು ಮೂರು ತೊಂದರೆಗಳಂತೆ ಕಂಡರೂ ಬೇರು ಒಂದೇ: ಪಾಠದ ತಯಾರಿಗೂ ಮನೆಯ ಬದುಕಿಗೂ ನಡುವೆ ಗೋಡೆ ಕಟ್ಟಿರುತ್ತೇವೆ. ಆ ಗೋಡೆ ತೆಗೆದು, ಊಟದ ಹೊತ್ತಿನಲ್ಲಿ, ಅಡುಗೆಮನೆಯಲ್ಲಿ, ಜಗಲಿಯಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಪಾಠ ತಯಾರಿಸುವ ಕ್ರಮ ಇಲ್ಲಿದೆ. ಮನೆಯ ಮಕ್ಕಳೇ ಮೊದಲ ಕೇಳುಗರು.

ಹಂತಗಳು ಸುಲಭವಾಗಿ ತಿಳಿಯಲಿ ಎಂದು ಉದ್ದಕ್ಕೂ ಒಂದೇ ಕಥೆ ಇಟ್ಟುಕೊಂಡಿದ್ದೇವೆ: ದೋಣಿ ಮತ್ತು ಬಿರುಗಾಳಿ, ಸತ್ಯವೇದದ (ಬೈಬಲಿನ) ಮಾರ್ಕ 4:35-41. ಶಿಷ್ಯರ ಜೊತೆ ದೋಣಿಯಲ್ಲಿ ಹೋಗುವಾಗ ಯೇಸು ಮಲಗಿರುತ್ತಾನೆ, ಬಿರುಗಾಳಿ ಏಳುತ್ತದೆ, ಹೆದರಿದ ಶಿಷ್ಯರು ಎಬ್ಬಿಸಿದಾಗ ಅವನ ಮಾತಿಗೆ ಗಾಳಿಯೂ ನೀರೂ ಶಾಂತವಾಗುತ್ತವೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲಿನ ಮೊದಲ ವಾರಗಳಿಗೆ ಹೇಳಿ ಮಾಡಿಸಿದ ಕಥೆ.

ಬೇಕಾಗುವ ಸಾಮಾನು

ಒಂದು ದಪ್ಪ ನೋಟ್‌ಬುಕ್ಕು ಹಾಜರಿಗೆ. ಹೆಸರಿನ ಎದುರು ಆರು ಕಲಂ ಗೆರೆ ಎಳೆಯಿರಿ: ವಯಸ್ಸು, ಮನೆಮಾತು, ಶಾಲೆಯಲ್ಲಿ ಓದುವ ಮಾಧ್ಯಮ, ಕರೆದೊಯ್ಯಲು ಬರುವವರು, ಅವರ ಫೋನ್, ಯಾವ ತಿಂಡಿ ಆಗಿಬರುವುದಿಲ್ಲ. ಹೆಚ್ಚಿನವರು ಹೆಸರು ಮಾತ್ರ ಬರೆದು ಬಿಡುತ್ತಾರೆ. ಉಳಿದ ಕಲಂ ತುಂಬಿಸದೆ ಮೂರನೇ ಹಂತ ಮಾಡಲಾಗದು, ಒಂಬತ್ತನೆಯದಂತೂ ಸಾಧ್ಯವೇ ಇಲ್ಲ.

ಫ್ಲಾನೆಲ್ ಬೋರ್ಡ್ ಒಂದು. ಎರಡಡಿ ಎತ್ತರ, ಮೂರಡಿ ಅಗಲದ ರಟ್ಟಿಗೆ ಕಡುಬಣ್ಣದ ಫ್ಲಾನೆಲ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಂಬದಿಯಲ್ಲಿ ಅಂಟಿಸಿ. ಚಿತ್ರಗಳ ಬೆನ್ನಿಗೆ ಸ್ಯಾಂಡ್ ಪೇಪರಿನ ಸಣ್ಣ ತುಂಡು ಅಂಟಿಸಿದರೆ ಬಟ್ಟೆಗೆ ಹಿಡಿದು ನಿಲ್ಲುತ್ತವೆ. ಬೋರ್ಡನ್ನು ಪೂರ್ತಿ ನೆಟ್ಟಗೆ ನಿಲ್ಲಿಸಬೇಡಿ, ಸ್ವಲ್ಪ ಹಿಂದಕ್ಕೆ ಒರಗಿಸಿ. ಮಳೆಗಾಲದ ತೇವಕ್ಕೆ ಕಾಗದ ಸುರುಳಿಯಾಗಿ ಚಿತ್ರ ಉದುರುವುದು ಸಾಮಾನ್ಯ, ಅದಕ್ಕೆ ಚಿತ್ರವನ್ನು ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದಲ್ಲೇ ಬರೆಯುವುದು ಒಳ್ಳೆಯದು.

ಅಂಟನ್ನು ಕೊಳ್ಳಬೇಕಾಗಿಲ್ಲ. ಎರಡು ದೊಡ್ಡ ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುತ್ತಿರುವ ಒಂದು ಲೋಟ ನೀರಿಗೆ ಹೊಯ್ದು, ಬಿಳಿ ಬಣ್ಣ ಹೋಗಿ ಮಿರುಗುವವರೆಗೆ ಎರಡು ಮೂರು ನಿಮಿಷ ತೊಳಸಿ. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಹುಳಿ ವಾಸನೆ ಬರುತ್ತದೆ. ಕೆಡದಿರಲಿ ಎಂದು ಕೆಲವರು ಮೈಲುತುತ್ತು ಹಾಕುವುದಿದೆ. ಅದು ವಿಷ. ಮಕ್ಕಳ ಕೈಗೆ ಹೋಗುವ ಅಂಟಿಗೆ ಖಂಡಿತ ಬೇಡ.

ಇವಿಷ್ಟರ ಜೊತೆಗೆ ಸೀಮೆಸುಣ್ಣ, ಹದಿನೆಂಟು ಮೀಟರ್ ಬಟ್ಟೆ ಒಣಗಿಸುವ ಹಗ್ಗ, ಮೊಂಡು ತುದಿಯ ಕತ್ತರಿ ನಾಲ್ಕು, ಒಂದು ಟಾರ್ಚು, ಗಾಯಕ್ಕೆ ಕಟ್ಟುವ ಪಟ್ಟಿ. ಎಲ್ಲವೂ ಒಂದೇ ಚೀಲದಲ್ಲಿ, ಆ ಚೀಲ ಮನೆಯಲ್ಲಿ ಒಂದೇ ಮೊಳೆಯಲ್ಲಿ.

1. ಸೋಮವಾರ: ಊಟವಾದ ಮೇಲೆ ಓದಿ, ವಿವರಿಸಬೇಡಿ

ಮನೆಯ ಪ್ರಾರ್ಥನೆಯ ಹೊತ್ತಿಗೆ ಆ ವಾರದ ಭಾಗವನ್ನು ನಿಧಾನವಾಗಿ ಒಮ್ಮೆ ಓದಿ. ಏಳು ವಚನ, ಎರಡು ನಿಮಿಷವೂ ಬೇಡ. ಆಮೇಲೆ ಮಕ್ಕಳಿಗೆ ಕೇಳಬೇಕಾದ್ದು ಒಂದೇ: "ಏನೇನು ಕಾಣಿಸಿತು?" ಏನು ಕಲಿತಿರಿ ಎಂದು ಕೇಳಬೇಡಿ. ಕಲಿತದ್ದನ್ನು ಕೇಳಿದರೆ ಮಕ್ಕಳು ದೊಡ್ಡವರಿಗೆ ಇಷ್ಟವಾಗುವ ಉತ್ತರ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಕಂಡದ್ದನ್ನು ಕೇಳಿದರೆ ದೋಣಿಯ ಹಿಂಬದಿಯಲ್ಲಿದ್ದ ತಲೆದಿಂಬು ಒದ್ದೆಯಾಗಲಿಲ್ಲವಾ, ಜೊತೆಗಿದ್ದ ಬೇರೆ ದೋಣಿಗಳು ಏನಾದವು ಎಂಬಂಥ ಪ್ರಶ್ನೆ ಏಳುತ್ತದೆ. ಇವೆರಡೂ ವಚನದಲ್ಲೇ ಇರುವ ಸಂಗತಿಗಳು. ದೊಡ್ಡವರ ಕಣ್ಣಿಗೆ ಬೀಳುವುದು ಅಪರೂಪ.

ಆ ಪ್ರಶ್ನೆಗಳನ್ನು ಹಾಗೆ ಹಾಗೆಯೇ ಬರೆದಿಡಿ. ಆದಿತ್ಯವಾರ ತರಗತಿಯಲ್ಲಿ ಬರುವುದೂ ಇವೇ. ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಕೂರಿಸಿ. ಕಥೆಯಲ್ಲಿ ಯಾವ ಜಾಗ ಎಳೆಯುತ್ತದೆ ಎಂದು ಅವರಷ್ಟು ಮುಲಾಜಿಲ್ಲದೆ ಹೇಳುವವರು ಇಲ್ಲ.

2. ಮಂಗಳವಾರ: ಒಂದೇ ವಾಕ್ಯ

ಈ ತರಗತಿ ಮುಗಿದಾಗ ಐದು ವರ್ಷದ ಮಗುವಿನ ಬಾಯಲ್ಲಿ ಇರಬೇಕಾದ ವಾಕ್ಯ ಯಾವುದು? ಆರೇಳು ಶಬ್ದದೊಳಗೆ ಬರೆಯಿರಿ. ಈ ಕಥೆಗಾದರೆ: "ಹೆದರಿಕೆ ಆದಾಗ ಯೇಸುವಿಗೆ ಹೇಳಬಹುದು." ಇಷ್ಟೇ ಸಾಕು. ಇದರ ಜೊತೆಗೆ ನಂಬಿಕೆ, ಸೃಷ್ಟಿಯ ಮೇಲಿನ ಅಧಿಕಾರ, ಶಿಷ್ಯರ ಅವಿಶ್ವಾಸ ಎಲ್ಲವನ್ನೂ ತುರುಕಿದರೆ ಒಂದೂ ಉಳಿಯದು.

ಎಚ್ಚರಿಕೆಯ ಮಾತು ಒಂದಿದೆ. "ಪ್ರಾರ್ಥನೆ ಮಾಡಿದರೆ ದೋಣಿ ಮುಳುಗುವುದಿಲ್ಲ" ಎಂದು ಕಥೆಯನ್ನು ಮುಗಿಸಬೇಡಿ. ಕಡಲಿಗೆ ಹೋದವರು ಮರಳದ ಮನೆಗಳು ಕರಾವಳಿಯಲ್ಲಿವೆ, ಅಂಥ ಮನೆಯ ಮಗು ನಿಮ್ಮೆದುರೇ ಕೂತಿರಬಹುದು. ಯೇಸು ಅವರ ಜೊತೆ ದೋಣಿಯಲ್ಲೇ ಇದ್ದನು ಎಂಬುದು ಕಥೆಯಲ್ಲಿದೆ. ಯಾರ ದೋಣಿಯೂ ಎಂದೂ ಮುಳುಗದು ಎಂಬುದು ಇಲ್ಲ. ಇರುವಷ್ಟನ್ನೇ ಹೇಳಿ.

3. ಬುಧವಾರ: ಮಾತಿನ ಜರಡಿ

ಕಾಸರಗೋಡಿನಲ್ಲಿ ತರಗತಿ ಕೆಡುವುದಕ್ಕೆ ಇದೇ ಮುಖ್ಯ ಕಾರಣ. ಪಾಠದ ಪುಸ್ತಕ ಬರೆದವರಿಗೆ ಇಲ್ಲಿಯ ಮಕ್ಕಳು ಗೊತ್ತಿಲ್ಲ. ಒಂದು ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇನ್ನೊಂದಕ್ಕೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಮೂರನೆಯದು ಮಲಯಾಳ ಮಾಧ್ಯಮ, ಕನ್ನಡ ಮಾತಾಡುತ್ತದೆ, ಓದಲು ಬಾರದು. ಓದಲು ಬಾರದ ಮಗುವಿಗೆ ಎಲ್ಲರ ಎದುರು "ಈ ವಚನ ಓದು" ಎಂದರೆ ಮುಂದಿನ ವಾರದಿಂದ ಆ ಮಗುವಿಗೆ ಹೊಟ್ಟೆನೋವು ಶುರುವಾಗುತ್ತದೆ. ಮಾಧ್ಯಮದ ಕಲಂ ಹಾಜರಿ ಪುಸ್ತಕದಲ್ಲಿ ಇರಬೇಕಾದ್ದು ಅದಕ್ಕೇ.

ಕಥೆಯಲ್ಲಿ ಬರುವ ಕಷ್ಟದ ಶಬ್ದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಪ್ರತಿಯೊಂದಕ್ಕೂ ಮೂರು ಪರೀಕ್ಷೆ ಮಾಡಿ. ಮನೆಯ ಸಣ್ಣ ಮಗುವಿಗೆ ಅರ್ಥವಾಗುತ್ತದೆಯೇ? ಪಕ್ಕದ ಭಾಷೆಯಲ್ಲಿ ಅದೇ ಸದ್ದಿಗೆ ಬೇರೆ ಅರ್ಥವಿದೆಯೇ? ಕೈಯಲ್ಲಿ ತೋರಿಸಲು ಬರುತ್ತದೆಯೇ?

ಎರಡನೆಯ ಪರೀಕ್ಷೆಯಲ್ಲೇ ಹೆಚ್ಚು ಶಬ್ದ ಸಿಕ್ಕಿಬೀಳುತ್ತವೆ. "ಪಾಪ" ಎಂಬುದನ್ನೇ ತೆಗೆದುಕೊಳ್ಳಿ. ಬಿದ್ದು ಮಂಡಿ ಕೆತ್ತಿಸಿಕೊಂಡ ತಮ್ಮನಿಗೂ ಕನ್ನಡದಲ್ಲಿ "ಅಯ್ಯೋ ಪಾಪ" ಎನ್ನುತ್ತೇವೆ. ಮಲಯಾಳದಲ್ಲಿ ಮರುಕಕ್ಕೆ "ಪಾವಂ", ದೋಷಕ್ಕೆ "ಪಾಪಂ" ಎಂದು ಎರಡು ಬೇರೆ ಶಬ್ದಗಳಿವೆ. ಹೀಗಿರುವಾಗ "ನಾವೆಲ್ಲ ಪಾಪಿಗಳು" ಎಂದರೆ ನಾಲ್ಕು ವರ್ಷದ ಮಗು ತಾನು ಬಹಳ ಪಾಪದ ಮಗು ಎಂದು ಖುಷಿಪಟ್ಟುಕೊಳ್ಳುತ್ತದೆ. ಸಣ್ಣವರಿಗೆ "ತಪ್ಪು ಮಾಡಿದ್ದು" ಎನ್ನಿ, ಏಳೆಂಟು ವರ್ಷವಾದ ಮೇಲೆ ಶಬ್ದ ಕಲಿಸಿ.

"ಪಳ್ಳಿ" ಇನ್ನೊಂದು. ಮಲಯಾಳದಲ್ಲಿ ಚರ್ಚಿಗೂ ಮಸೀದಿಗೂ ಅದೇ ಶಬ್ದ. ನಮ್ಮ ಕರಾವಳಿಯ ಕನ್ನಡದಲ್ಲಿ ಮಸೀದಿಗೆ ಮಾತ್ರ. ತಪ್ಪು ಎಂದು ತಿದ್ದಬೇಡಿ, ಎರಡೂ ಸರಿ ಎಂದು ಹೇಳಿ ಮುಂದೆ ಹೋಗಿ. ತಪ್ಪಿದ ಕುರಿಯ ಪಾಠ ಬಂದಾಗ (ಲೂಕ 15) ಇನ್ನೊಂದು ಪೇಚು: ಇಲ್ಲಿಯ ಮಕ್ಕಳು ಕಂಡಿರುವುದು ಆಡು, ಕುರಿಯಲ್ಲ. ಚಿತ್ರ ತೋರಿಸದೆ ಆ ಕಥೆಗೆ ಕೈ ಹಾಕಬೇಡಿ.

ದೋಣಿ ಕಥೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಶಬ್ದ "ಗಲಿಲಾಯ ಸಮುದ್ರ". ಸಮುದ್ರ ಎಂದೊಡನೆ ಮಕ್ಕಳ ಕಣ್ಣಿಗೆ ಬರುವುದು ಕುಂಬಳೆಯ ಕಡಲು, ಉಪ್ಪುನೀರು. ಅದು ನಿಜವಾಗಿ ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಸುಮಾರು 13, ಅಂದರೆ ಹೆಚ್ಚುಕಡಿಮೆ ಕಾಸರಗೋಡು ಪೇಟೆಯಿಂದ ಕುಂಬಳೆಗೆ ಇರುವಷ್ಟು. ಕಡಲಮಟ್ಟಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದ್ದು ಸುತ್ತ ಗುಡ್ಡಗಳಿವೆ. ಗುಡ್ಡದ ಕಡೆಯಿಂದ ಗಾಳಿ ಥಟ್ಟನೆ ಇಳಿಯುವುದರಿಂದ ಅಲ್ಲಿ ಬಿರುಗಾಳಿ ಮುನ್ಸೂಚನೆಯಿಲ್ಲದೆ ಏಳುತ್ತದೆ. ಇಷ್ಟನ್ನು ಹೇಳಿದರೆ, ಮೀನು ಹಿಡಿಯುವವರೇ ಆಗಿದ್ದ ಶಿಷ್ಯರು ಯಾಕೆ ಗಾಬರಿಯಾದರು ಎಂಬುದು ದೊಡ್ಡ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಬೋಟುಗಳು ದಡದಲ್ಲಿ ಕಟ್ಟಿರುವುದನ್ನು ಮಕ್ಕಳು ದಿನಾ ನೋಡುತ್ತಿರುತ್ತಾರೆ. ಮಾತು ಅಲ್ಲಿಂದಲೇ ಎತ್ತಿಕೊಳ್ಳಬಹುದು.

ತರಗತಿಯ ಮಾತು ಕನ್ನಡವೇ ಇರಲಿ. ನಡುನಡುವೆ ಗಾಳಿ, ದೋಣಿ, ಹೆದರಿಕೆಯಂಥ ಶಬ್ದಗಳಿಗೆ "ನಿಮ್ಮ ಮನೆಯಲ್ಲಿ ಇದಕ್ಕೇನು ಹೇಳುತ್ತೀರಿ?" ಎಂದು ಕೇಳಿ. ನಾಲ್ಕು ಭಾಷೆಯ ನಾಲ್ಕು ಉತ್ತರ ಬರುವಾಗ ಸುಮ್ಮನೆ ಕೂತಿರುವ ಮಗುವೂ ಬಾಯಿ ಬಿಡುತ್ತದೆ.

4. ಗುರುವಾರ: ಕೈಕೆಲಸವನ್ನು ಮನೆಯ ಸಣ್ಣವನಿಂದ ಮಾಡಿಸಿ ನೋಡಿ

ಪುಸ್ತಕದಲ್ಲಿರುವ ಬಣ್ಣದ ಕಾಗದದ ಕೈಕೆಲಸಕ್ಕಿಂತ ಹಿತ್ತಿಲಲ್ಲಿ ಸಿಗುವುದು ಮೇಲು. ಈ ಪಾಠಕ್ಕೆ ಅಡಿಕೆ ಹಾಳೆಯ ದೋಣಿ.

ಮಳೆ ಹಿಡಿಯುವ ಮೊದಲೇ ಒಣಗಿಸಿ ಅಟ್ಟದಲ್ಲಿಟ್ಟ ಹಾಳೆ ಬೇಕು. ಬೂಷ್ಟು ಹಿಡಿದದ್ದು ಬೇಡ, ಮಕ್ಕಳಿಗೆ ಸೀನು ಕೆಮ್ಮು ಬರುತ್ತದೆ. ಅಗಲದ ಹಾಳೆಯೊಂದರಲ್ಲಿ ಒಂದು ಗೇಣು ಉದ್ದ, ಅರ್ಧ ಗೇಣು ಅಗಲದ ಮೂರು ತುಂಡು ಸಿಗುತ್ತದೆ. ಇಪ್ಪತ್ತು ಮಕ್ಕಳಿಗೆ ಏಳು ಹಾಳೆ, ಹರಿದರೆ ಇರಲಿ ಎಂದು ಇನ್ನೊಂದು.

ತುಂಡುಗಳನ್ನು ಕಾಲು ಗಂಟೆ ನೀರಿನಲ್ಲಿ ನೆನೆಹಾಕಿ. ನೆನೆಸದೆ ಮಡಚಿದರೆ ಸೀಳು ಬಿಡುತ್ತದೆ. ಗಂಟೆಗಟ್ಟಲೆ ಬಿಟ್ಟರೆ ಹಿಡಿತ ತಪ್ಪಿ ಜೋಲುತ್ತದೆ. ಎರಡೂ ತುದಿಯನ್ನು ಎತ್ತಿ ಹಿಸುಕಿ, ದಬ್ಬಣದಿಂದ ಎರಡು ತೂತು ಮಾಡಿ, ಹಿಡಿಸೂಡಿ (ಪೊರಕೆ) ಕಡ್ಡಿ ಪೋಣಿಸಿ. ತೂತು ಮಾಡುವುದು ದೊಡ್ಡವರ ಕೆಲಸ, ಕಡ್ಡಿ ಪೋಣಿಸುವುದು ಮಕ್ಕಳದ್ದು. ಕಡ್ಡಿಯ ಚೂಪು ತುದಿಯನ್ನು ಮೊದಲೇ ಮುರಿದಿಡಿ. ಹಾಯಿಯ ಕಂಬ ನಿಲ್ಲಿಸಲು ಬಾಳೆದಿಂಡಿನ ಎರಡು ಇಂಚಿನ ತುಂಡು ದೋಣಿಯೊಳಗಿಟ್ಟು ಅದಕ್ಕೆ ಕಡ್ಡಿ ಚುಚ್ಚಿದರಾಯಿತು. ಒದ್ದೆ ಹಾಳೆಗೆ ಮೈದಾ ಅಂಟು ಹಿಡಿಯುವುದಿಲ್ಲ, ಅಲ್ಲಿ ಸಮಯ ಕಳೆಯಬೇಡಿ. ಅಂಟು ಕಾಗದದ ಹಾಯಿಗೆ ಮಾತ್ರ.

ಈಗ ಗಡಿಯಾರ ನೋಡಿಕೊಂಡು ಮನೆಯ ಕಿರಿಯ ಮಗುವಿನಿಂದ ಒಂದು ದೋಣಿ ಮಾಡಿಸಿ. ನೀವು ಕೈ ಹಾಕಬೇಡಿ, ನೋಡುತ್ತಾ ಕೂರಿ. ಎಲ್ಲಿ "ಅಮ್ಮಾ" ಎಂದು ಕರೆಯುತ್ತದೋ ಅದು ತರಗತಿಯಲ್ಲಿ ಇಪ್ಪತ್ತು ಮಕ್ಕಳೂ ಒಟ್ಟಿಗೆ ಕರೆಯುವ ಜಾಗ. ಆ ಒಂದು ಕೆಲಸವನ್ನು ಶುಕ್ರವಾರ ನೀವೇ ಮುಗಿಸಿಡಿ. ಮನೆಯಲ್ಲಿ ಆರು ನಿಮಿಷ ಹಿಡಿದರೆ ತರಗತಿಯಲ್ಲಿ ಹನ್ನೆರಡು ಎಂದು ಲೆಕ್ಕ ಇಡಿ.

ಮನೆಯಲ್ಲಿ ಮಾಡಿದ ದೋಣಿ ಮನೆಗೇ. ಅಂಗಳದ ಬಕೆಟಿನಲ್ಲಿ ಸಂಜೆ ಅದನ್ನು ತೇಲಿಬಿಡಲು ಹತ್ತು ನಿಮಿಷ ಇಟ್ಟುಕೊಳ್ಳಿ. ತಯಾರಿಯಿಂದ ತಮಗೂ ಏನೋ ಸಿಗುತ್ತದೆ ಎಂದು ಗೊತ್ತಾದ ಮೇಲೆ ಮನೆಮಕ್ಕಳು ಚೀಲ ಹುಡುಕಲು ತಾವೇ ಓಡುತ್ತಾರೆ.

5. ಶುಕ್ರವಾರ: ಬಾಯಿಪಾಠದ ವಚನ, ಚೀಲ

ವಚನ ಇಡಿಯಾಗಿ ಬೇಡ, ತುಂಡು ಸಾಕು. ಸಣ್ಣವರಿಗೆ ನಾಲ್ಕೈದು ಶಬ್ದ, ದೊಡ್ಡವರಿಗೆ ಹತ್ತು. ಇಲ್ಲಿ 41ನೇ ವಚನದ ಕೊನೆಯ ತುಂಡು, ಗಾಳಿಯೂ ಸಮುದ್ರವೂ ಮಾತು ಕೇಳುತ್ತವೆ ಎನ್ನುವಲ್ಲಿ, ಸರಿಹೊಂದುತ್ತದೆ. ಶಬ್ದಗಳನ್ನು ನಿಮ್ಮ ಸಭೆಯಲ್ಲಿ ಆರಾಧನೆಗೆ ಓದುವ ಸತ್ಯವೇದದಿಂದಲೇ ತೆಗೆಯಿರಿ. ಫೋನಿನಲ್ಲಿ ಸಿಗುವ ಬೇರೆ ಅನುವಾದದಿಂದ ಟೀಚರ್ ಒಂದು ರೀತಿ, ಮನೆಯಲ್ಲಿ ಅಜ್ಜಿ ಇನ್ನೊಂದು ರೀತಿ ಹೇಳಿಕೊಟ್ಟರೆ ಮಗು ಎರಡನ್ನೂ ಬಿಡುತ್ತದೆ.

ಕನ್ನಡ ಓದಲಾರದ ಮಕ್ಕಳಿಗಾಗಿ ಪ್ರತಿ ಮುಖ್ಯ ಶಬ್ದಕ್ಕೆ ಒಂದು ಚಿತ್ರ ಬರೆದು ಕಾರ್ಡು ಮಾಡಿ: ಊದುವ ಬಾಯಿ, ಅಲೆ, ಕಿವಿ. ಸೋಗೆಯ ಕಡ್ಡಿಗೆ ಸಿಕ್ಕಿಸಿದರೆ ಹಿಡಿಯಲು ಸುಲಭ.

ಚೀಲವನ್ನು ತರಗತಿಯ ಕ್ರಮಕ್ಕೆ ತಿರುಗಿಸಿ ತುಂಬಿ. ಕೊನೆಗೆ ಬೇಕಾದ್ದು ಅಡಿಯಲ್ಲಿ, ಮೊದಲು ಬೇಕಾದ್ದು ಮೇಲೆ.

6. ಶನಿವಾರ: ಪಾಠ ಮುಟ್ಟಬೇಡಿ

ಶನಿವಾರ ಮನೆಗೆ. ಆದಿತ್ಯವಾರದ ಸಾರಿಗೆ ಮಸಾಲೆ ಕಡೆದು ಫ್ರಿಜ್ಜಿನಲ್ಲಿಡಿ, ಮಕ್ಕಳ ಬಟ್ಟೆ ಚಪ್ಪಲಿ ಜೊತೆ ಮಾಡಿಡಿ, ಕೊಡೆಗಳನ್ನು ಎಣಿಸಿಡಿ. ಬೆಳಗಿನ ಜಗಳಗಳಲ್ಲಿ ಹೆಚ್ಚಿನವು ಸಿಗದ ಸಾಕ್ಸು, ಒಣಗದ ಅಂಗಿಯಿಂದ ಏಳುವವು. ಮಳೆಗಾಲದಲ್ಲಿ ಆದಿತ್ಯವಾರದ ಅಂಗಿಯನ್ನು ಗುರುವಾರವೇ ಒಗೆಯದಿದ್ದರೆ ಒಣಗುವ ಭರವಸೆಯಿಲ್ಲ.

ತರಗತಿಗೆ ತಿಂಡಿ ಬೇಕಿದ್ದರೆ ಬೆಲ್ಲದ ಅವಲಕ್ಕಿಗಿಂತ ಸುಲಭದ್ದು ಇಲ್ಲ. ಇಪ್ಪತ್ತು ಮಕ್ಕಳಿಗೆ ತೆಳು ಅವಲಕ್ಕಿ ಮುಕ್ಕಾಲು ಕೆ.ಜಿ., ಬೆಲ್ಲ ಕಾಲು ಕೆ.ಜಿ., ತೆಂಗಿನಕಾಯಿ ಎರಡು. ಬೆಳಿಗ್ಗೆ ಕಲಸಿ, ಹಿಂದಿನ ರಾತ್ರಿ ಕಲಸಿದ್ದು ಹಳಸುತ್ತದೆ. ಐದು ವರ್ಷದ ಒಳಗಿನವರಿಗೆ ಇಡೀ ನೆಲಗಡಲೆ, ಗಟ್ಟಿ ಪೆಪ್ಪರ್‌ಮಿಂಟು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಬೀಳುತ್ತದೆ.

7. ಆದಿತ್ಯವಾರ: ಅರುವತ್ತು ನಿಮಿಷದ ಕ್ರಮ

ತಯಾರಿಯ ಕ್ರಮವೇ ಬೇರೆ, ನಡೆಸುವ ಕ್ರಮವೇ ಬೇರೆ. ಎಲ್ಲರೂ ಬರಲಿ ಎಂದು ಕಾಯುತ್ತಾ ಕೂರುವುದು ಮೊದಲ ತಪ್ಪು. ಬೇಗ ಬಂದ ಐದಾರು ಮಕ್ಕಳು ಆ ಹತ್ತು ನಿಮಿಷದಲ್ಲಿ ಓಡಾಟ ಶುರುಮಾಡಿದರೆ ಮತ್ತೆ ಅವರನ್ನು ಕೂರಿಸಲು ಇನ್ನೊಂದು ಹತ್ತು ನಿಮಿಷ ಬೇಕು.

ಮೊದಲ ಹತ್ತು ನಿಮಿಷ: ಮೊದಲ ಮಗು ಕಾಲಿಟ್ಟಾಗಲೇ ಕೆಲಸ ಸಿದ್ಧವಿರಲಿ. 1986ರಲ್ಲಿ ಗಲಿಲಾಯ ಸರೋವರದ ಕೆಸರಿನಲ್ಲಿ ಸಿಕ್ಕಿದ, ಹೆಚ್ಚುಕಡಿಮೆ ಯೇಸುವಿನ ಕಾಲದ ಹಳೆಯ ದೋಣಿಯೊಂದರ ಉದ್ದ ಸುಮಾರು 8.2 ಮೀಟರ್, ಅಗಲ 2.3 ಮೀಟರ್. ಬಂದ ಮಕ್ಕಳ ಕೈಗೆ ಹಗ್ಗ ಕೊಟ್ಟು ಅದೇ ಅಳತೆಯ ದೋಣಿಯನ್ನು ನೆಲದ ಮೇಲೆ ಹಾಸಲು ಹೇಳಿ. ಜಾಗ ಸಾಲದಿದ್ದರೆ ಮುಖಮಂಟಪದಲ್ಲಿ ಸೀಮೆಸುಣ್ಣದಿಂದ ಬರೆಯಿರಿ. ತಡವಾಗಿ ಬಂದವರು ನೇರ ದೋಣಿ ಹತ್ತಲಿ. ಹದಿಮೂರು ಜನ ಒಳಗೆ ಕೂತಾಗ ಎಷ್ಟು ಇಕ್ಕಟ್ಟು ಎಂದು ಅವರಿಗೇ ಗೊತ್ತಾಗುತ್ತದೆ.

ಹತ್ತರಿಂದ ಹದಿನೆಂಟು: ಹಾಡು. ಒಂದು ಕುಣಿಯುವ ಹಾಡು, ಆಮೇಲೆ ಒಂದು ಕೂತು ಹಾಡುವುದು. ಇದನ್ನು ತಿರುಗಿಸಿದರೆ ಕಥೆಯ ಹೊತ್ತಿಗೆ ಮಕ್ಕಳು ನಿಂತೇ ಇರುತ್ತಾರೆ. ಗಂಡಸರು ಎತ್ತುವ ಶ್ರುತಿ ಮಕ್ಕಳಿಗೆ ತುಂಬ ತಗ್ಗು. ಕೀಬೋರ್ಡ್ ಇದ್ದರೆ ನಡುವಿನ ಸಿ ಸ್ವರದಿಂದ ಮೇಲಿನ ಡಿ ಸ್ವರದ ಒಳಗೆ ಹಾಡು ಮುಗಿಯುವಂತೆ ನೋಡಿಕೊಳ್ಳಿ. ಮಕ್ಕಳು ಅರಚುವುದು ಉತ್ಸಾಹಕ್ಕೆ ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಶ್ರುತಿ ಎಟಕದೆ.

ಹದಿನೆಂಟರಿಂದ ಮೂವತ್ತು: ಕಥೆ. ಮಾತು ಎಂಟು ನಿಮಿಷ ಮೀರದಿರಲಿ, ಉಳಿದದ್ದು ಸದ್ದು. ಶುರುವಿಗೆ ಮುಂಚೆ "ನಿಲ್ಲುವುದನ್ನು" ಮೂರು ಸಲ ಅಭ್ಯಾಸ ಮಾಡಿಸಿ: ಎಲ್ಲರೂ ಬೆರಳಿಂದ ನೆಲ ಬಡಿಯುತ್ತಾರೆ, ಟೀಚರ್ ಕೈ ಎತ್ತಿದೊಡನೆ ಪೂರ್ತಿ ಮೌನ. ಇದನ್ನು ಬಿಟ್ಟು ನೇರ ಕಥೆಗೆ ಹೋದರೆ ಬಿರುಗಾಳಿ ಏಳುತ್ತದೆ, ನಿಲ್ಲಿಸಲು ಬರುವುದಿಲ್ಲ. ಕಥೆಯಲ್ಲಿ ಮೊದಲು ಒಂದು ಬೆರಳು, ಆಮೇಲೆ ಎರಡು, ಅಂಗೈ, ತೊಡೆ ಬಡಿತ, ಮೇಲೆ ಒಬ್ಬ ದೊಡ್ಡ ಹುಡುಗನಿಂದ ತಗಡಿನ ಡಬ್ಬ. ನಡುವೆ ಒಬ್ಬ ಮಾತ್ರ ತಲೆದಿಂಬು ಇಟ್ಟುಕೊಂಡು ಮಲಗಿರಬೇಕು. ಡಬ್ಬದ ಸದ್ದು ಜೋರಾಗಿರುವಾಗ ಕೈ ಎತ್ತಿ ಮೆಲ್ಲಗೆ, ಕೂಗದೆ, "ಸುಮ್ಮನಿರು" ಎನ್ನಿ. ಆಮೇಲೆ ಬಾಯಿ ತೆರೆಯಬೇಡಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಎಲ್ಲ ಟೀಚರ್‌ಗಳೂ ಈ ಮೌನವನ್ನು ಮೂರಕ್ಕೇ ಮುರಿದು ವಿವರಣೆಗೆ ಇಳಿಯುತ್ತಾರೆ, ಕಥೆಯ ತಿರುಳೇ ಅಲ್ಲಿ ಸೋರಿಹೋಗುತ್ತದೆ.

ತಗಡಿನ ಮಾಡಿನ ಮೇಲೆ ನಿಜವಾದ ಮಳೆ ಸುರಿದರೆ ಗಂಟಲು ಹರಿದುಕೊಳ್ಳಬೇಡಿ, ಗೆಲ್ಲಲಾರಿರಿ. ಮಕ್ಕಳನ್ನು ಎರಡು ಮೀಟರಿನೊಳಗೆ ಅರ್ಧಚಂದ್ರದಂತೆ ಹತ್ತಿರ ಕೂರಿಸಿ, ಬೋರ್ಡಿನ ಚಿತ್ರಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ. ಕರೆಂಟು ಹೋದರೆ ಟಾರ್ಚು ಬೋರ್ಡಿನ ಮೇಲೆ.

ಮೂವತ್ತರಿಂದ ನಲುವತ್ತು: ಮಾತು, ವಚನ. "ನಿಮಗೆ ಯಾವಾಗ ಹೆದರಿಕೆ ಆಗುತ್ತದೆ?" ಎಂಬ ಒಂದು ಪ್ರಶ್ನೆ ಸಾಕು. ಹೇಳಲು ಮನಸ್ಸಿಲ್ಲದ ಮಗುವನ್ನು ಬಿಟ್ಟುಬಿಡಿ. ವಚನವನ್ನು ಬೋರ್ಡಿನಲ್ಲಿ ಕಾರ್ಡುಗಳಾಗಿ ಇಟ್ಟು, ಪ್ರತಿ ಸಲ ಹೇಳಿದ ಮೇಲೆ ಒಂದು ಕಾರ್ಡು ತೆಗೆಯಿರಿ. ಕೊನೆಗೆ ಖಾಲಿ ಬೋರ್ಡನ್ನೇ "ಓದುತ್ತಾರೆ".

ನಲುವತ್ತರಿಂದ ಐವತ್ತೈದು: ದೋಣಿ. ಮೊದಲು ಮುಗಿಸಿದವರು ಸಣ್ಣವರಿಗೆ ಕಡ್ಡಿ ಪೋಣಿಸಿಕೊಡಲಿ. ತೇಲಿಸುವುದಾದರೆ ಅಗಲದ ಪಾತ್ರೆಯಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು, ಒಬ್ಬ ದೊಡ್ಡವರು ಅಲ್ಲೇ ನಿಂತಿರಬೇಕು. ಸಣ್ಣ ಮಗು ಮುಗ್ಗರಿಸಿ ಬಿದ್ದರೆ ಅಷ್ಟು ನೀರೂ ಅಪಾಯವೇ. ಮುಗಿದೊಡನೆ ನೀರು ಚೆಲ್ಲಿ ಪಾತ್ರೆ ಕವುಚಿ ಹಾಕಿ.

ಕೊನೆಯ ಐದು ನಿಮಿಷ: ಒಂದೊಂದು ಮಗುವೂ ಒಂದು ವಾಕ್ಯ ಪ್ರಾರ್ಥನೆ. ಬೇಡ ಎಂದವರಿಗೆ "ಆಮೆನ್" ಸಾಕು.

ಕೈತಪ್ಪುವ ಮೊದಲು ಸೂಚನೆ ಸಿಗುತ್ತದೆ. ಒಬ್ಬ ನೀರು ಕೇಳುತ್ತಾನೆ, ಇನ್ನೊಬ್ಬಳು ಟಾಯ್ಲೆಟ್, ಅದರ ಹಿಂದೆಯೇ ಮೂವರು. ಹಾಗಾದಾಗ ಗದರಿ ಪ್ರಯೋಜನವಿಲ್ಲ, ಆಗ ಮಾಡುತ್ತಿರುವುದನ್ನು ಅಲ್ಲೇ ನಿಲ್ಲಿಸಿ ಮುಂದಿನ ತುಂಡಿಗೆ ಹಾರಿ. ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ, ಮಾರ್ಚಿನ ವಾರ್ಷಿಕ ಪರೀಕ್ಷೆಯ ವಾರಗಳಲ್ಲಿ ತರಗತಿಯನ್ನು ನಲುವತ್ತು ನಿಮಿಷಕ್ಕೆ ಇಳಿಸಿ, ಬಾಯಿಪಾಠ ಕೊಡಬೇಡಿ.

8. ಸ್ವಂತ ಮಗು ತರಗತಿಯಲ್ಲಿದ್ದರೆ

ಟೀಚರ್ ಮಗು ಗಲಾಟೆ ಮಾಡಿದರೆ ಅದಕ್ಕೆ ಎರಡೇ ಕಾರಣ: ಅಮ್ಮನನ್ನು ಹತ್ತೊಂಬತ್ತು ಜನರೊಂದಿಗೆ ಹಂಚಿಕೊಳ್ಳಬೇಕು, ಮೇಲಿಂದ ಎಲ್ಲರಿಗಿಂತ ಒಳ್ಳೆಯವನಾಗಿಯೂ ಇರಬೇಕು. ಎರಡನೆಯ ಹೊರೆಯನ್ನು ನಾವೇ ಹೊರಿಸಿದ್ದು.

ಮನೆಯಿಂದ ಹೊರಡುವ ಮೊದಲು ಮೂರು ಒಪ್ಪಂದ ಮಾಡಿಕೊಳ್ಳಿ. ತರಗತಿಯಲ್ಲಿ ಅವನನ್ನು ನೋಡಿಕೊಳ್ಳುವುದು ಇನ್ನೊಬ್ಬ ಟೀಚರ್. ಉತ್ತರ ಹೇಳಲು ಅವನನ್ನು ಮೊದಲು ಕರೆಯುವುದಿಲ್ಲ, ಹಾಗೆಂದು ಬೇಕೆಂದೇ ಕೊನೆಗೂ ತಳ್ಳುವುದಿಲ್ಲ. ತೀರಾ ಅಮ್ಮ ಬೇಕು ಎನಿಸಿದರೆ ಒಂದು ಗುಟ್ಟಿನ ಸನ್ನೆ, ಕಿವಿ ಮುಟ್ಟಿಕೊಳ್ಳುವುದೋ ಏನೋ. ಸನ್ನೆ ಕಂಡಾಗ ಹೋಗಿ ತಲೆ ಸವರಿ ಬಂದರೆ ಸಾಕು.

ಇದಕ್ಕಿಂತ ಮುಖ್ಯ: ಮನೆಯಲ್ಲಿ ನಡೆದದ್ದನ್ನು ತರಗತಿಗೆ ದೃಷ್ಟಾಂತ ಮಾಡಬೇಡಿ. "ನಮ್ಮ ಮನೆಯಲ್ಲೂ ಒಬ್ಬನಿಗೆ ಕತ್ತಲೆ ಎಂದರೆ ಹೆದರಿಕೆ" ಎಂದರೆ ಎಲ್ಲರೂ ತಿರುಗಿ ನೋಡುವುದು ಯಾರನ್ನು? ಆ ಮಗು ಇನ್ನು ಮುಂದೆ ಮನೆಯಲ್ಲೂ ಹೆದರಿಕೆ ಹೇಳಿಕೊಳ್ಳುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ಟೀಚರ್ ಆಗಿದ್ದರೆ ವಾರ ಬಿಟ್ಟು ವಾರ ಸರದಿ ಹಾಕಿ. ಇಬ್ಬರೂ ಒಟ್ಟಿಗೆ ತರಗತಿಗೆ ನುಗ್ಗಿದರೆ ಮನೆಯ ಎರಡು ವರ್ಷದ ಕೂಸು ಯಾರ ಕೈಯಲ್ಲಿ ಎಂಬುದನ್ನು ಬೆಳಿಗ್ಗೆ ಎಂಟಕ್ಕೆ ತೀರ್ಮಾನಿಸಬೇಕಾಗುತ್ತದೆ. ಹಿಂತಿರುಗುವಾಗ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಮೊದಲ ಹದಿನೈದು ನಿಮಿಷ ಮಗುವಿನದ್ದು. ಸಭೆಯ ವಿಷಯ, ಫೋನು ಎರಡೂ ಬೇಡ.

ಸತತ ಮೂರು ವಾರ ಸ್ವಂತ ಮಗು "ನಾನು ಬರುವುದಿಲ್ಲ" ಎಂದರೆ ಒಂದು ತಿಂಗಳು ಟೀಚರ್ ಕೆಲಸದಿಂದ ರಜೆ ತೆಗೆದುಕೊಂಡು ಮಗುವಿನ ಪಕ್ಕ ಬೆಂಚಿನಲ್ಲಿ ಕೂರಿ. ಸಭಾಪಾಲಕರಿಗೆ ಮೊದಲೇ ಹೇಳಿದರೆ ಬದಲಿ ಜನ ಸಿಗುತ್ತಾರೆ.

9. ಮಕ್ಕಳ ಸುರಕ್ಷೆ: ಇಲ್ಲಿ ರಿಯಾಯಿತಿ ಇಲ್ಲ

ಯಾವ ಹೊತ್ತಿನಲ್ಲೂ ಮಕ್ಕಳ ಜೊತೆ ಇಬ್ಬರು ದೊಡ್ಡವರು ಇರಬೇಕು, ಅವರು ಒಂದೇ ಮನೆಯವರಾಗಿರದಿದ್ದರೆ ಒಳ್ಳೆಯದು. ಎರಡನೆಯವರು ಬಾರದ ದಿನ ಬಾಗಿಲು ತೆರೆದಿಟ್ಟು ಜಗಲಿಯಲ್ಲಿ, ಎಲ್ಲರಿಗೂ ಕಾಣುವಂತೆ ತರಗತಿ ಮಾಡಿ. ಸಣ್ಣವರನ್ನು ಟಾಯ್ಲೆಟ್ಟಿಗೆ ಇಬ್ಬಿಬ್ಬರಾಗಿ ಕಳಿಸಿ, ದೊಡ್ಡವರು ಹೊರಗೆ ನಿಲ್ಲಲಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರ ಜೊತೆ ಮಗುವನ್ನು ಕಳಿಸಬೇಡಿ, ಅವರು ಎಷ್ಟೇ ಪರಿಚಯದವರಾಗಿದ್ದರೂ ಮನೆಗೆ ಫೋನ್ ಮಾಡಿಯೇ. ಮಕ್ಕಳ ಫೋಟೋವನ್ನು ಹೆತ್ತವರನ್ನು ಕೇಳದೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ.

ನೆರೆಮನೆಯ ಬೇರೆ ಧರ್ಮದ ಮಗು ಗೆಳೆಯನ ಜೊತೆ ಬಂದರೆ ಅಂದೇ ಅವರ ಮನೆಗೆ ಹೋಗಿ ತಿಳಿಸಿ, ಒಪ್ಪಿಗೆ ಕೇಳಿ. ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಮಿಠಾಯಿ, ಉಡುಗೊರೆಯ ಆಸೆ ತೋರಿಸಿ ಯಾರನ್ನೂ ಕರೆಯಬೇಡಿ.

ಒಂದು ಮಗು ಇದ್ದಕ್ಕಿದ್ದಂತೆ ಒಬ್ಬರನ್ನು ಕಂಡರೆ ಅಡಗುವುದು, ಬಟ್ಟೆ ಒದ್ದೆ ಮಾಡಿಕೊಳ್ಳುವುದು, ವಯಸ್ಸಿಗೆ ಮೀರಿದ ಮಾತಾಡುವುದು ಕಂಡರೆ ಗಮನವಿಡಿ. ಮಗು ತಾನಾಗಿ ಏನಾದರೂ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ, ಪ್ರಶ್ನೆಯ ಮೇಲೆ ಪ್ರಶ್ನೆ ಬೇಡ, "ಯಾರಿಗೂ ಹೇಳುವುದಿಲ್ಲ" ಎಂಬ ಮಾತು ಕೊಡಬೇಡಿ. ಮಗುವಿನ ಶಬ್ದಗಳಲ್ಲೇ, ಅದು ತುಳುವೋ ಮಲಯಾಳವೋ ಆದರೆ ಹಾಗೆಯೇ, ತಾರೀಕು ಹಾಕಿ ಬರೆದಿಡಿ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098. ಸಭೆಯೊಳಗೇ ಮಾತಾಡಿ ಮುಗಿಸೋಣ ಎಂಬ ಸಲಹೆ ಎಷ್ಟು ದೊಡ್ಡವರಿಂದ ಬಂದರೂ ಒಪ್ಪಬೇಡಿ.

10. ಆದಿತ್ಯವಾರ ಮಧ್ಯಾಹ್ನ: ಮೂರು ಸಾಲು

ಊಟ ಮಾಡಿ, ಮಲಗುವ ಮೊದಲು ನೋಟ್‌ಬುಕ್ಕಿನಲ್ಲಿ ಮೂರೇ ಸಾಲು: ಎಷ್ಟನೇ ನಿಮಿಷಕ್ಕೆ ಗಮನ ಚದುರಿತು, ಯಾವ ಶಬ್ದ ಯಾರಿಗೆ ಅರ್ಥವಾಗಲಿಲ್ಲ, ಯಾವ ಮಗು ಬರಲಿಲ್ಲ. ಬಾರದವರ ಮನೆಗೆ ಅಂದೇ ಸಂಜೆ ಒಂದು ಫೋನ್. "ಯಾಕೆ ಬರಲಿಲ್ಲ" ಎಂದು ಕೇಳಬೇಡಿ, "ನಿನ್ನ ದೋಣಿ ತೆಗೆದಿಟ್ಟಿದ್ದೇನೆ" ಎನ್ನಿ. ಕಲಿಸಿದ ವಚನವನ್ನು ಮಂಗಳವಾರ, ಶನಿವಾರ, ಮತ್ತೆ ಎರಡು ವಾರ ಬಿಟ್ಟು ಒಮ್ಮೆ ಮನೆಯಲ್ಲಿ ಹೇಳಿಸಿ ನೋಡಿ. ಮನೆಮಕ್ಕಳು ಮರೆತಿದ್ದರೆ ತರಗತಿಯೂ ಮರೆತಿದೆ ಎಂದೇ ಲೆಕ್ಕ.

ಉಳಿದ ಹಾಳೆ ತುಂಡುಗಳನ್ನು ಒದ್ದೆಯಿರುವಂತೆಯೇ ಚೀಲಕ್ಕೆ ತುಂಬಿದರೆ ಬುಧವಾರದೊಳಗೆ ಬೂಷ್ಟು. ಬಿಸಿಲಿಲ್ಲದ ದಿನಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಚೀಲವನ್ನು ಒಳಹೊರಗು ಮಾಡಿ ಮೊಳೆಗೆ ನೇತುಹಾಕಿ.